ಹುಡುಕುವ ಮೊದಲು ಬರೆದಿಡಿ: ಸಿಸ್ಟಮ್ಯಾಟಿಕ್ ರಿವ್ಯೂ ಮಾಡುವವರಿಗೆ ಗ್ರಂಥಾಲಯದಿಂದ ಒಂದು ಕೈಪಿಡಿ

"ಮೇಡಂ, ಗೂಗಲ್‌ನ್ಯಾಗ ಹುಡುಕೀನ್ರಿ. ನಲವತ್ತು ಪೇಪರ್ ಸಿಕ್ಕಾವು. ಇನ್ನ ಬರಿಯೂದಷ್ಟ ಉಳದೈತ್ರಿ."

ಧಾರವಾಡದ ಕಾಲೇಜೊಂದರ ಗ್ರಂಥಾಲಯದಲ್ಲಿ ಪಿಜಿ ವಿದ್ಯಾರ್ಥಿಗಳಿಗೂ ಅಧ್ಯಾಪಕರಿಗೂ ಸಿಸ್ಟಮ್ಯಾಟಿಕ್ ರಿವ್ಯೂ (ಒಂದು ಪ್ರಶ್ನೆಯ ಮೇಲೆ ನಡೆದ ಅಧ್ಯಯನಗಳನ್ನೆಲ್ಲ ಕ್ರಮಬದ್ಧವಾಗಿ ಹುಡುಕಿ ತೂಗುವ ಸಮೀಕ್ಷೆ) ತರಬೇತಿ ಕೊಡುವ ನನಗೆ ಇದು ಕೇಳಿ ಕೇಳಿ ಪರಿಚಯವಾದ ಮಾತು. ಹುಬ್ಬಳ್ಳಿಯಿಂದ ಚಿಗರಿ ಬಸ್ಸಿನಲ್ಲಿ ಬಂದವರೂ ಹೀಗೇ ಹೇಳುತ್ತಾರೆ, ಗದಗ, ಹಾವೇರಿಯಿಂದ ಬಂದವರೂ ಹೀಗೇ ಹೇಳುತ್ತಾರೆ. ನಾನು ತಿರುಗಿ ಕೇಳುವುದಿಷ್ಟೇ: ಆ ನಲವತ್ತೇ ಯಾಕೆ? ನಲವತ್ತೊಂದನೆಯದು ಯಾಕೆ ಹೊರಗುಳಿಯಿತು? ಯಾವ ದಿನ, ಎಲ್ಲಿ, ಯಾವ ಪದ ಹಾಕಿ ಹುಡುಕಿದಿರಿ? ಇದಕ್ಕೆಲ್ಲ ಬರಹದಲ್ಲಿ ಉತ್ತರ ಇದ್ದರೆ ಅದು ಸಿಸ್ಟಮ್ಯಾಟಿಕ್ ರಿವ್ಯೂ. ಇಲ್ಲದಿದ್ದರೆ ಅದು ಒಳ್ಳೆಯ ಓದು ಆಗಿರಬಹುದು, ಆದರೆ ಆ ಹೆಸರು ಅದಕ್ಕೆ ಸಲ್ಲುವುದಿಲ್ಲ.

ನಿಮ್ಮ ಮುಖವನ್ನೇ ನೋಡದ ಒಬ್ಬರು, ಬೇರೆ ಊರಿನಲ್ಲಿ ಕೂತು, ನೀವು ಬರೆದಿಟ್ಟ ದಾರಿಯಲ್ಲಿ ಹೋದರೆ ನಿಮಗೆ ಸಿಕ್ಕ ಪತ್ರಿಕೆಗಳೇ, ಅಂದರೆ ಪೇಪರ್‌ಗಳೇ, ಅವರಿಗೂ ಸಿಗಬೇಕು. ಕೆಳಗೆ ಹೇಳುವ ಎಲ್ಲ ಹೆಜ್ಜೆಗಳೂ ಇದೊಂದಕ್ಕಾಗಿಯೇ ಇವೆ.

ಮೊದಲು: ನಿಮಗೆ ಇದು ಬೇಕೇ?

ಥೀಸಿಸ್‌ನ ಎರಡನೆಯ ಅಧ್ಯಾಯಕ್ಕೆ ಬೇಕಾದ ಸಾಹಿತ್ಯ ಸಮೀಕ್ಷೆಗೆ ಸಿಸ್ಟಮ್ಯಾಟಿಕ್ ರಿವ್ಯೂ ಬೇಕಿಲ್ಲ. ವಿಷಯ ಎಷ್ಟು ಹರಡಿದೆ, ಯಾರು ಏನೇನು ಮಾಡಿದ್ದಾರೆ ಎಂದು ನಕ್ಷೆ ಹಾಕಿಕೊಳ್ಳಬೇಕಿದ್ದರೆ ಸ್ಕೋಪಿಂಗ್ ರಿವ್ಯೂ ಸಾಕು. ಒಂದು ಖಚಿತ ಪ್ರಶ್ನೆಗೆ, ಆವರೆಗೆ ನಡೆದ ಎಲ್ಲ ಅಧ್ಯಯನಗಳನ್ನೂ ಒಟ್ಟುಗೂಡಿಸಿ, ಅವುಗಳ ಗುಣಮಟ್ಟ ತೂಗಿ ಉತ್ತರ ಕೊಡಬೇಕಾದಾಗ ಮಾತ್ರ ಸಿಸ್ಟಮ್ಯಾಟಿಕ್ ರಿವ್ಯೂಗೆ ಕೈಹಾಕಿ. ಅಧ್ಯಯನಗಳ ಅಂಕಿಗಳನ್ನು ಸಂಖ್ಯಾಶಾಸ್ತ್ರದ ಮೂಲಕ ಒಂದುಗೂಡಿಸುವುದು ಮೆಟಾ ಅನಾಲಿಸಿಸ್. ಪ್ರತಿ ರಿವ್ಯೂನಲ್ಲೂ ಅದು ಇರಲೇಬೇಕೆಂದಿಲ್ಲ. ಅಧ್ಯಯನಗಳು ಒಂದಕ್ಕೊಂದು ಹೋಲದಿದ್ದರೆ ಇರಲೂಬಾರದು.

ಎಷ್ಟು ಸಮಯ ಹಿಡಿಯುತ್ತದೆ ಎಂದು ಎಲ್ಲರೂ ಕೇಳುತ್ತಾರೆ. ನೋಂದಾಯಿತ ರಿವ್ಯೂಗಳನ್ನು ಲೆಕ್ಕ ಹಾಕಿದ 2017ರ ಒಂದು ಅಧ್ಯಯನದ ಪ್ರಕಾರ ನೋಂದಣಿಯಿಂದ ಪ್ರಕಟಣೆಯವರೆಗೆ ಸರಾಸರಿ 67 ವಾರ. ಒಂದು ವರ್ಷಕ್ಕಿಂತ ಹೆಚ್ಚಾಯಿತು. ಸಿನಾಪ್ಸಿಸ್ ಕೊಡುವ ವಾರದಲ್ಲಿ ಶುರು ಮಾಡುವ ಕೆಲಸ ಇದಲ್ಲ. ಒಬ್ಬರೇ ಮಾಡುವ ಕೆಲಸವೂ ಅಲ್ಲ. ಸಿಕ್ಕವುಗಳಲ್ಲಿ ಬೇಕಾದವನ್ನು ಸೋಸುವ ಸ್ಕ್ರೀನಿಂಗ್‌ಗೆ ಇಬ್ಬರು, ಇಬ್ಬರ ನಡುವೆ ಭಿನ್ನಾಭಿಪ್ರಾಯ ಬಂದರೆ ತೀರ್ಮಾನಿಸಲು ಮೂರನೆಯವರು ಬೇಕು. ಈ ಮೂವರ ಹೆಸರು ಮೊದಲೇ ಗೊತ್ತುಮಾಡಿಕೊಳ್ಳಿ.

ಪ್ರಶ್ನೆಯನ್ನು ಹರಿತ ಮಾಡುವುದು

ತರಬೇತಿಯಲ್ಲಿ ನಾನು ಬಳಸುವ ಉದಾಹರಣೆ ಗರ್ಭಿಣಿಯರ ರಕ್ತಹೀನತೆ. ನಮ್ಮ ಕಡೆಯ ಯಾವ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಹೋದರೂ ಎದುರಾಗುವ ವಿಷಯ ಅದು. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ದೇಶದ ಗರ್ಭಿಣಿಯರಲ್ಲಿ ಶೇ. 52.2ರಷ್ಟು ಮಂದಿಗೆ ರಕ್ತಹೀನತೆ ಕಂಡುಬಂದಿತ್ತು. ಆದರೆ 'ಗರ್ಭಿಣಿಯರಲ್ಲಿ ರಕ್ತಹೀನತೆ' ಎಂಬುದು ವಿಷಯ, ಪ್ರಶ್ನೆಯಲ್ಲ. ಅದನ್ನಷ್ಟೇ ಹಿಡಿದು ಪಬ್‌ಮೆಡ್ ಎಂಬ ವೈದ್ಯಕೀಯ ಪತ್ರಿಕೆಗಳ ಡೇಟಾಬೇಸ್‌ಗೆ ಹೋದರೆ ಸಾವಿರಗಟ್ಟಲೆ ದಾಖಲೆ ಬಂದು ಬೀಳುತ್ತವೆ.

ಆರೋಗ್ಯ ಕ್ಷೇತ್ರದಲ್ಲಿ ಇದಕ್ಕೆ ಪಿಕೊ ಎಂಬ ಚೌಕಟ್ಟು ಇದೆ: ಯಾರಲ್ಲಿ, ಯಾವ ಚಿಕಿತ್ಸೆ, ಯಾವುದಕ್ಕೆ ಹೋಲಿಸಿ, ಯಾವ ಫಲಿತಾಂಶ. ನಮ್ಮ ಉದಾಹರಣೆಗೆ ಹಚ್ಚಿದರೆ ಹೀಗಾಗುತ್ತದೆ: ಭಾರತದ ಗರ್ಭಿಣಿಯರಲ್ಲಿ, ಕಬ್ಬಿಣಾಂಶದ ಕೊರತೆಯಿಂದ ರಕ್ತಹೀನತೆ ಇದ್ದವರಿಗೆ, ಐವಿ ಮೂಲಕ, ಅಂದರೆ ನೇರ ರಕ್ತನಾಳಕ್ಕೆ, ಕೊಡುವ ಕಬ್ಬಿಣವು ಬಾಯಿಂದ ತೆಗೆದುಕೊಳ್ಳುವ ಮಾತ್ರೆಗಿಂತ ಹಿಮೋಗ್ಲೋಬಿನ್ ಅನ್ನು ಹೆಚ್ಚು ಏರಿಸುತ್ತದೆಯೇ? ಈಗ ಕೈಗೆ ಹಿಡಿತ ಸಿಕ್ಕಿತು. ಗರ್ಭಿಣಿಯರಲ್ಲಿ ಪ್ರತಿ ಡೆಸಿಲೀಟರ್ ರಕ್ತಕ್ಕೆ 11 ಗ್ರಾಂಗಿಂತ ಕಡಿಮೆ ಹಿಮೋಗ್ಲೋಬಿನ್ ಇದ್ದರೆ ರಕ್ತಹೀನತೆ ಎನ್ನುವ ವಿಶ್ವ ಆರೋಗ್ಯ ಸಂಸ್ಥೆಯ ಮಿತಿಯನ್ನೇ (2024ರಿಂದ ಎರಡನೆಯ ತ್ರೈಮಾಸಿಕಕ್ಕೆ 10.5) ಒಪ್ಪುತ್ತೀರೋ, ಬೇರೆ ಮಿತಿ ಇಟ್ಟುಕೊಂಡ ಅಧ್ಯಯನಗಳನ್ನೂ ಸೇರಿಸುತ್ತೀರೋ? ಹೆರಿಗೆಯಾದ ತಾಯಂದಿರ ಮೇಲಿನ ಅಧ್ಯಯನ ಬಂದರೆ ಏನು ಮಾಡುತ್ತೀರಿ? ಇವೆಲ್ಲ ಈಗಲೇ ಕಾಗದದ ಮೇಲೆ ಬರಬೇಕು. ಪತ್ರಿಕೆಗಳನ್ನು ನೋಡಿದ ಮೇಲೆ ನಿಯಮ ಮಾಡಿದರೆ, ನಮಗೆ ಇಷ್ಟವಾದ ಉತ್ತರಕ್ಕೆ ತಕ್ಕ ನಿಯಮವೇ ಆಗಿಬಿಡುತ್ತದೆ. ಬೇಕೆಂದು ಯಾರೂ ಹಾಗೆ ಮಾಡುವುದಿಲ್ಲ, ಆದರೆ ಆಗುತ್ತದೆ.

ಕೃಷಿಯವರಿಗೂ ಇದೇ ಚೌಕಟ್ಟು ಒಗ್ಗುತ್ತದೆ. 'ಯಾರಲ್ಲಿ' ಎಂಬ ಜಾಗದಲ್ಲಿ ಬೆಳೆ ಇಡಿ, 'ಚಿಕಿತ್ಸೆ'ಯ ಜಾಗದಲ್ಲಿ ಸಿಂಪಡಣೆಯನ್ನೋ ಮಲ್ಚಿಂಗನ್ನೋ ಇಡಿ. ಸಮಾಜಶಾಸ್ತ್ರ, ಶಿಕ್ಷಣಶಾಸ್ತ್ರದವರು ಜನರ ಅನುಭವ ಕೇಳುವ ಅಧ್ಯಯನಗಳನ್ನು ಹುಡುಕುತ್ತಿದ್ದರೆ ಪಿಕೊವನ್ನು ಬಲವಂತವಾಗಿ ತುರುಕಬೇಡಿ. ಅಂಥವಕ್ಕೆ ಸ್ಪೈಡರ್ ಎಂಬ ಬೇರೆ ಚೌಕಟ್ಟು ಇದೆ.

ಪ್ರೋಟೋಕಾಲ್, ನೋಂದಣಿ

ಪ್ರಶ್ನೆ, ಸೇರಿಸುವ ಮತ್ತು ಬಿಡುವ ನಿಯಮ, ಯಾವ ಡೇಟಾಬೇಸ್, ಯಾರು ಸ್ಕ್ರೀನ್ ಮಾಡುತ್ತಾರೆ, ಗುಣಮಟ್ಟ ಹೇಗೆ ಅಳೆಯುತ್ತೀರಿ. ಇಷ್ಟನ್ನು ನಾಲ್ಕೈದು ಪುಟದಲ್ಲಿ ಬರೆಯಿರಿ, ಅದೇ ಪ್ರೋಟೋಕಾಲ್. ಆರೋಗ್ಯಕ್ಕೆ ಸಂಬಂಧಿಸಿದ್ದಾದರೆ ಪ್ರಾಸ್ಪೆರೊದಲ್ಲಿ ನೋಂದಾಯಿಸಿ. ಇಂಗ್ಲೆಂಡಿನ ಯಾರ್ಕ್ ವಿಶ್ವವಿದ್ಯಾಲಯ 2011ರಲ್ಲಿ ಶುರುಮಾಡಿದ ನೋಂದಣಿ ಪುಸ್ತಕ ಅದು, ಶುಲ್ಕವಿಲ್ಲ. ಸ್ಕೋಪಿಂಗ್ ರಿವ್ಯೂಗಳನ್ನು ಅದು ತೆಗೆದುಕೊಳ್ಳುವುದಿಲ್ಲ. ಅಂಥವರೂ, ಕೃಷಿ ಮತ್ತು ಮಾನವಿಕ ವಿಷಯದವರೂ ಓಪನ್ ಸೈನ್ಸ್ ಫ್ರೇಮ್‌ವರ್ಕ್‌ನಲ್ಲಿ ಪ್ರೋಟೋಕಾಲ್ ಇಡಬಹುದು. ನೋಂದಾಯಿಸುವ ಮೊದಲು ಅಲ್ಲಿಯೇ ಒಮ್ಮೆ ಹುಡುಕಿ ನೋಡಿ. ನಿಮ್ಮ ಪ್ರಶ್ನೆಯನ್ನೇ ಬೇರೆ ತಂಡ ಕೈಗೆತ್ತಿಕೊಂಡಿದ್ದರೆ ಒಂದು ವರ್ಷದ ದುಡಿಮೆ ಉಳಿಯಿತು.

ಪದಗಳ ಪಟ್ಟಿ

ಇಲ್ಲಿ ನಿಧಾನ ಮಾಡಿ. ತರಬೇತಿಯ ಅರ್ಧ ಸಮಯವನ್ನು ನಾನು ಇದಕ್ಕೇ ಇಡುತ್ತೇನೆ, ಏಕೆಂದರೆ ಇಲ್ಲಿ ಬಿಟ್ಟ ಪದದಿಂದ ಕಳೆದುಹೋದ ಪತ್ರಿಕೆ ಮುಂದೆ ಎಷ್ಟೇ ಎಚ್ಚರ ವಹಿಸಿದರೂ ತಿರುಗಿ ಬರುವುದಿಲ್ಲ.

ಒಂದು ಹಾಳೆ ತೆಗೆದುಕೊಂಡು ಪ್ರಶ್ನೆಯ ಪ್ರತಿ ಭಾಗಕ್ಕೂ ಒಂದು ಕಂಬಸಾಲು ಎಳೆಯಿರಿ. ನಮ್ಮ ಉದಾಹರಣೆಯಲ್ಲಿ ಮೂರು: ಗರ್ಭಿಣಿ, ರಕ್ತಹೀನತೆ, ಐವಿ ಕಬ್ಬಿಣ. ಹಿಮೋಗ್ಲೋಬಿನ್ ಎಂಬ ಫಲಿತಾಂಶವನ್ನು ಸಾಮಾನ್ಯವಾಗಿ ಹುಡುಕಾಟದಲ್ಲಿ ಹಾಕಬೇಡಿ. ಫಲಿತಾಂಶದ ಹೆಸರನ್ನು ಸಾರಾಂಶದಲ್ಲಿ ಬರೆಯದ ಲೇಖಕರು ಬಹಳ, ಅವರ ಪತ್ರಿಕೆ ತಪ್ಪಿಹೋಗುತ್ತದೆ. ಪ್ರತಿ ಸಾಲಿನ ಕೆಳಗೆ ಲೋಕದಲ್ಲಿ ಆ ವಿಷಯಕ್ಕೆ ಇರುವ ಎಲ್ಲ ಹೆಸರುಗಳನ್ನೂ ಬರೆಯುತ್ತ ಹೋಗಿ. ಅನೀಮಿಯಾ ಎಂಬ ಇಂಗ್ಲಿಷ್ ಪದವನ್ನು ಬ್ರಿಟಿಷರು ನಡುವೆ 'ಎ' ಮತ್ತು 'ಇ' ಎರಡೂ ಅಕ್ಷರ ಹಾಕಿ ಬರೆಯುತ್ತಾರೆ, ಅಮೆರಿಕನ್ನರು 'ಇ' ಒಂದನ್ನೇ ಹಾಕುತ್ತಾರೆ. ಭಾರತೀಯ ಪತ್ರಿಕೆಗಳಲ್ಲಿ ಎರಡೂ ಇವೆ. ಎರಡನ್ನೂ ಬರೆಯಿರಿ. ಐವಿ ಕಬ್ಬಿಣಕ್ಕೆ ಇಂಟ್ರಾವೀನಸ್, ಪೇರೆಂಟೆರಲ್, ಇನ್‌ಫ್ಯೂಷನ್ ಎಂಬ ಪದಗಳಿವೆ. ಔಷಧದ ಹೆಸರುಗಳಾದ ಐರನ್ ಸುಕ್ರೋಸ್, ಫೆರಿಕ್ ಕಾರ್ಬಾಕ್ಸಿಮಾಲ್ಟೋಸ್ ಇವೆ, ಎರಡನೆಯದರ ಕಿರುರೂಪ ಎಫ್‌ಸಿಎಂ ಇದೆ. ಫೆರಿಕ್ ಡೆರಿಸೋಮಾಲ್ಟೋಸ್ ಎಂಬ ಔಷಧಕ್ಕೆ ಹಿಂದೆ ಐರನ್ ಐಸೋಮಾಲ್ಟೋಸೈಡ್ ಎಂದು ಹೆಸರಿತ್ತು. ಹಳೆಯ ಪತ್ರಿಕೆಗಳಲ್ಲಿ ಅದೇ ಇರುತ್ತದೆ.

ಮೆಣಸಿನಕಾಯಿ ಮೇಲೆ ಕೆಲಸ ಮಾಡುವವರ ಪಟ್ಟಿ ಇನ್ನೂ ಉದ್ದ. ಚಿಲ್ಲಿ ಪದಕ್ಕೆ ಒಂದು 'ಎಲ್', ಎರಡು 'ಎಲ್', ಕೊನೆಗೆ 'ಐ', ಕೊನೆಗೆ 'ಇ' ಹೀಗೆ ಹಲವು ಕಾಗುಣಿತ. ಹಾಟ್ ಪೆಪ್ಪರ್, ರೆಡ್ ಪೆಪ್ಪರ್ ಬೇರೆ. ಮೇಲೆ ಕ್ಯಾಪ್ಸಿಕಂ ಆನ್ಯುಅಮ್ ಎಂಬ ವೈಜ್ಞಾನಿಕ ಹೆಸರು. ಬ್ಯಾಡಗಿ ಎಂಬ ಊರ ಹೆಸರನ್ನೇ ಇಂಗ್ಲಿಷಿನಲ್ಲಿ 'ಬ್ಯಾಡ್ಗಿ', 'ಬ್ಯಾಡಗಿ', 'ಬೈಡಗಿ' ಎಂದು ಬೇರೆ ಬೇರೆ ಥರ ಬರೆಯುತ್ತಾರೆ. ಕೀಟದ ವಿಷಯದಲ್ಲಿ ಥ್ರಿಪ್ಸ್ ಎಂದಷ್ಟೇ ಬರೆದು ನಿಲ್ಲಬೇಡಿ, ಪ್ರಭೇದದ ಹೆಸರೂ ಸೇರಲಿ.

ಊರ ಹೆಸರಿನ ವಿಷಯ ನಮ್ಮ ಭಾಗದ ಸಂಶೋಧಕರಿಗೆ ವಿಶೇಷವಾಗಿ ಹೇಳಬೇಕು. 2014ರ ನವೆಂಬರ್ 1ರಂದು ಹುಬ್ಳಿ ಹುಬ್ಬಳ್ಳಿಯಾಯಿತು, ಬೆಳಗಾಂ ಬೆಳಗಾವಿಯಾಯಿತು, ಬಿಜಾಪುರ ವಿಜಯಪುರವಾಯಿತು. ಅದಕ್ಕೂ ಹಿಂದಿನ ಪತ್ರಿಕೆಗಳಲ್ಲಿ ಹಳೆಯ ಕಾಗುಣಿತವೇ ಇದೆ, ಆಮೇಲಿನ ಎಷ್ಟೋ ಪತ್ರಿಕೆಗಳಲ್ಲೂ ಹಳೆಯದೇ ಮುಂದುವರಿದಿದೆ. ಧಾರವಾಡದ ಕೊನೆಗೆ 'ಡಿ' ಬದಲು 'ಆರ್' ಹಾಕಿದ ಕಾಗುಣಿತ ಹಳೆಯ ದಾಖಲೆಗಳಲ್ಲಿ ಧಾರಾಳವಾಗಿ ಸಿಗುತ್ತದೆ. ರಾಜ್ಯದ ಹೆಸರು 1973ರವರೆಗೆ ಮೈಸೂರು. ಇದಕ್ಕಿಂತ ಮುಖ್ಯವಾದದ್ದು ಜಿಲ್ಲೆಯ ಗಡಿ. ಗದಗ, ಹಾವೇರಿ ಜಿಲ್ಲೆಗಳಾದದ್ದು 1997ರಲ್ಲಿ. ಅದಕ್ಕೆ ಮೊದಲು ರೋಣದಲ್ಲೋ ಹಾನಗಲ್ಲಿನಲ್ಲೋ ನಡೆದ ಸಮೀಕ್ಷೆ ಧಾರವಾಡ ಜಿಲ್ಲೆ ಎಂಬ ಹೆಸರಿನಲ್ಲೇ ಪ್ರಕಟವಾಗಿರುತ್ತದೆ. ಹಾವೇರಿ ಜಿಲ್ಲೆಯ ಬಗ್ಗೆ ರಿವ್ಯೂ ಮಾಡುವವರು ಹಾವೇರಿ ಎಂದಷ್ಟೇ ಹುಡುಕಿದರೆ 1997ರ ಹಿಂದಿನ ಎಷ್ಟೋ ಅಧ್ಯಯನ ಕಣ್ಣಿಗೇ ಬೀಳುವುದಿಲ್ಲ. ತಾಲ್ಲೂಕಿನ ಹೆಸರುಗಳನ್ನೂ ಹಾಕಿ, ಧಾರವಾಡವನ್ನೂ ಹಾಕಿ, ಪೂರ್ಣಪಾಠ ಓದುವಾಗ ಹಳ್ಳಿ ಯಾವುದೆಂದು ನೋಡಿ ತೀರ್ಮಾನಿಸಿ.

ಇದರ ಇನ್ನೊಂದು ಮಗ್ಗುಲೂ ಇದೆ. ಊರ ಹೆಸರನ್ನು ಎಲ್ಲ ಕ್ಷೇತ್ರಗಳಲ್ಲೂ ಹುಡುಕಿದರೆ ಲೇಖಕರ ಕಾಲೇಜಿನ ವಿಳಾಸದಲ್ಲಿರುವ ಧಾರವಾಡವೂ ಸಿಕ್ಕಿಬರುತ್ತದೆ, ಅಧ್ಯಯನ ನಡೆದದ್ದು ಬೇರೆಲ್ಲೋ ಇರುತ್ತದೆ. ಇವನ್ನು ಸ್ಕ್ರೀನಿಂಗ್‌ನಲ್ಲಿ ತೆಗೆದರಾಯಿತು. ಬೇಡದ್ದು ನಾಲ್ಕು ಹೆಚ್ಚು ಬಂದರೆ ಓದುವ ಕೆಲಸ ಹೆಚ್ಚುತ್ತದೆ ಅಷ್ಟೇ. ಬೇಕಾದದ್ದು ಒಂದು ತಪ್ಪಿದರೆ ಉತ್ತರವೇ ಬದಲಾಗಬಹುದು.

ಪದಗಳನ್ನು ಕಟ್ಟುವುದು

ಒಂದೇ ಸಾಲಿನ ಸಮಾನಾರ್ಥಕ ಪದಗಳ ನಡುವೆ 'ಆರ್' (ಅಥವಾ), ಸಾಲು ಸಾಲಿನ ನಡುವೆ 'ಆಂಡ್' (ಮತ್ತು). ಪಬ್‌ಮೆಡ್‌ನಲ್ಲಿ ಇವನ್ನು ಇಂಗ್ಲಿಷಿನ ದೊಡ್ಡಕ್ಷರದಲ್ಲೇ ಟೈಪ್ ಮಾಡಿ, ಪ್ರತಿ ಸಾಲಿನ ಗುಂಪನ್ನೂ ಕಂಸದೊಳಗೆ ಇಡಿ. ಕಂಸವಿಲ್ಲದಿದ್ದರೆ ಪಬ್‌ಮೆಡ್ ಎಡದಿಂದ ಬಲಕ್ಕೆ ಓದುತ್ತ ಹೋಗುತ್ತದೆ, ನೀವು ಅಂದುಕೊಂಡದ್ದೇ ಒಂದು, ಅದು ಹುಡುಕಿದ್ದೇ ಇನ್ನೊಂದು. 'ನಾಟ್' (ಇದು ಬೇಡ) ಅನ್ನು ಆದಷ್ಟು ಮುಟ್ಟಬೇಡಿ. ಮಕ್ಕಳು ಬೇಡವೆಂದು 'ನಾಟ್' ಹಾಕಿದರೆ ತಾಯಿ, ಮಗು ಇಬ್ಬರ ಬಗ್ಗೆಯೂ ಮಾತಾಡಿದ ಪತ್ರಿಕೆ ಹೊರಬೀಳುತ್ತದೆ.

ಪದದ ಬೇರಿನ ಕೊನೆಗೆ ನಕ್ಷತ್ರ ಚಿಹ್ನೆ ಹಾಕಿದರೆ ಅದರಿಂದ ಹುಟ್ಟುವ ಎಲ್ಲ ರೂಪಗಳೂ ಬರುತ್ತವೆ. 'ಪ್ರೆಗ್ನನ್' ಎಂಬಷ್ಟಕ್ಕೆ ನಕ್ಷತ್ರ ಹಾಕಿದರೆ ಪ್ರೆಗ್ನಂಟ್, ಪ್ರೆಗ್ನೆನ್ಸಿ, ಅದರ ಬಹುವಚನ ಎಲ್ಲವೂ ಸಿಗುತ್ತವೆ. ಪಬ್‌ಮೆಡ್‌ನಲ್ಲಿ ನಕ್ಷತ್ರದ ಹಿಂದೆ ಕನಿಷ್ಠ ನಾಲ್ಕು ಅಕ್ಷರ ಇರಬೇಕು.

ಇನ್ನು ಮೆಶ್. ಅಮೆರಿಕದ ರಾಷ್ಟ್ರೀಯ ವೈದ್ಯಕೀಯ ಗ್ರಂಥಾಲಯ ಪ್ರತಿ ವಿಷಯಕ್ಕೂ ಒಂದು ಅಧಿಕೃತ ಶೀರ್ಷಿಕೆ ಗೊತ್ತುಮಾಡಿದೆ, ಲೇಖಕರು ಯಾವ ಪದ ಬಳಸಿದ್ದರೂ ಪತ್ರಿಕೆಗೆ ಆ ಶೀರ್ಷಿಕೆ ಹಚ್ಚುತ್ತಾರೆ. ಮೆಶ್ ಒಂದನ್ನೇ ನಂಬಿ ಹುಡುಕುವವರೂ ಇದ್ದಾರೆ, ಮೆಶ್ ಗೊತ್ತೇ ಇಲ್ಲದವರೂ ಇದ್ದಾರೆ. ಎರಡೂ ಸಾಲದು. ಪಬ್‌ಮೆಡ್‌ನಲ್ಲಿರುವ ಎಲ್ಲ ದಾಖಲೆಗಳಿಗೂ ಮೆಶ್ ಇರುವುದಿಲ್ಲ. ಆದ್ದರಿಂದ ಪ್ರತಿ ಸಾಲಿನಲ್ಲೂ ಮೆಶ್ ಶೀರ್ಷಿಕೆ, ಜೊತೆಗೆ ಪತ್ರಿಕೆಯ ಶೀರ್ಷಿಕೆ ಮತ್ತು ಸಾರಾಂಶದಲ್ಲಿ ಹುಡುಕುವ ಪದಗಳು, ಎರಡನ್ನೂ 'ಆರ್' ಹಾಕಿ ಸೇರಿಸಿ.

ಹೀಗೆ ಕಟ್ಟಿದ ಹುಡುಕಾಟದ ವಾಕ್ಯಕ್ಕೆ ಸ್ಟ್ರಿಂಗ್ ಎನ್ನುತ್ತಾರೆ. ಅದು ಸರಿಯಾಗಿದೆಯೇ ಎಂದು ತಿಳಿಯುವುದು ಹೇಗೆ? ನಿಮ್ಮ ಪ್ರಶ್ನೆಗೆ ಸಂಬಂಧಪಟ್ಟದ್ದೆಂದು ಖಾತ್ರಿಯಿರುವ ಐದಾರು ಪತ್ರಿಕೆ ಮೊದಲೇ ಕೈಯಲ್ಲಿರಲಿ. ನಿಮ್ಮ ಗೈಡ್‌ಗೆ ಅಂಥವು ಗೊತ್ತೇ ಇರುತ್ತವೆ. ಅವುಗಳ ಪಬ್‌ಮೆಡ್ ಸಂಖ್ಯೆಗಳನ್ನು 'ಆರ್' ಹಾಕಿ ಹುಡುಕಿ, ಆಮೇಲೆ ಅಡ್ವಾನ್ಸ್‌ಡ್ ಪುಟದ ಹಿಸ್ಟರಿಯಲ್ಲಿ ಆ ಹುಡುಕಾಟದಿಂದ ನಿಮ್ಮ ಸ್ಟ್ರಿಂಗ್ ಅನ್ನು 'ನಾಟ್' ಹಾಕಿ ಕಳೆಯಿರಿ. ನಾಟ್ ಬಳಸಲು ನಾನು ಒಪ್ಪುವ ಜಾಗ ಇದು. ಏನೂ ಉಳಿಯದಿದ್ದರೆ ಒಳ್ಳೆಯದು. ಒಂದು ಉಳಿಯಿತೆಂದರೆ ಅದರ ಸಾರಾಂಶ ಓದಿ, ಯಾವ ಪದ ನಿಮ್ಮ ಪಟ್ಟಿಯಲ್ಲಿಲ್ಲ ನೋಡಿ, ಸೇರಿಸಿ, ಮತ್ತೆ ಓಡಿಸಿ. ಬೆಳಗಿನಿಂದ ಬೇಸರದಲ್ಲಿ ಕೂತಿದ್ದ ವಿದ್ಯಾರ್ಥಿಗಳು ಇಲ್ಲಿ ಕುರ್ಚಿ ಮುಂದೆ ಎಳೆದುಕೊಳ್ಳುವುದನ್ನು ನೋಡುವುದೇ ನನಗೆ ಸಂತೋಷ.

ಎಲ್ಲಿ ಹುಡುಕಬೇಕು

ಕನಿಷ್ಠ ಎರಡು ಡೇಟಾಬೇಸ್ ಬೇಕೇಬೇಕು. ಆರೋಗ್ಯದವರಿಗೆ ಪಬ್‌ಮೆಡ್ ಮತ್ತು ಕಾಕ್ರೇನ್ ಲೈಬ್ರರಿಯ ಸೆಂಟ್ರಲ್ ಎಂಬ ಪ್ರಯೋಗಗಳ ಸಂಗ್ರಹ, ನಿಮ್ಮ ಸಂಸ್ಥೆಯಲ್ಲಿ ಚಂದಾ ಇದ್ದರೆ ಸ್ಕೋಪಸ್, ವೆಬ್ ಆಫ್ ಸೈನ್ಸ್, ಎಂಬೇಸ್. ಒಂದರ ಸ್ಟ್ರಿಂಗ್ ಅನ್ನು ಇನ್ನೊಂದಕ್ಕೆ ಹಾಗೇ ಅಂಟಿಸಬೇಡಿ, ಎಂಬೇಸ್‌ನಲ್ಲಿ ಮೆಶ್ ಬದಲು ಎಮ್‌ಟ್ರೀ ಇದೆ, ಚಿಹ್ನೆಗಳೂ ಬೇರೆ. ಕೃಷಿಯವರಿಗೆ ಸಿಎಬಿ ಅಬ್‌ಸ್ಟ್ರಾಕ್ಟ್ಸ್ ಮತ್ತು ವಿಶ್ವಸಂಸ್ಥೆಯ ಆಹಾರ ಸಂಘಟನೆಯ ಆಗ್ರಿಸ್. ಎರಡನೆಯದು ಉಚಿತ.

ಇವುಗಳಲ್ಲಿ ಬಾರದ ಭಾರತೀಯ ಕೆಲಸ ಬಹಳ ಇದೆ. ಪಿಎಚ್‌ಡಿ ಪ್ರಬಂಧಗಳಿಗೆ ಶೋಧಗಂಗಾ, ಕೃಷಿ ವಿಶ್ವವಿದ್ಯಾಲಯಗಳ ಪ್ರಬಂಧಗಳಿಗೆ ಕೃಷಿಕೋಶ, ಕ್ಲಿನಿಕಲ್ ಪ್ರಯೋಗಗಳಿಗೆ ಸಿಟಿಆರ್‌ಐ ಎಂಬ ಭಾರತದ ನೋಂದಣಿ ತಾಣ. 2009ರ ಜೂನ್ 15ರಿಂದ ನಮ್ಮ ದೇಶದ ಪ್ರಯೋಗಗಳು ಸಿಟಿಆರ್‌ಐನಲ್ಲಿ ನೋಂದಣಿಯಾಗುವುದು ಕಡ್ಡಾಯ. ಅಲ್ಲಿ ನೋಂದಣಿಯಾಗಿ ಎಲ್ಲೂ ಪ್ರಕಟವಾಗದ ಪ್ರಯೋಗ ಕಂಡರೆ ಬರೆದುಕೊಳ್ಳಿ, ಒಳ್ಳೆಯ ಫಲಿತಾಂಶ ಮಾತ್ರ ಅಚ್ಚಾಗುತ್ತಿದೆಯೇ ಎಂಬ ಸುಳಿವು ಸಿಗುವುದು ಅಲ್ಲಿಂದಲೇ. ಧಾರವಾಡದ ಕೃಷಿ ವಿಶ್ವವಿದ್ಯಾಲಯ ಕರ್ನಾಟಕ ಜರ್ನಲ್ ಆಫ್ ಅಗ್ರಿಕಲ್ಚರಲ್ ಸೈನ್ಸಸ್ ಎಂಬ ಹೆಸರಿನಲ್ಲಿ ಹೊರತರುತ್ತಿದ್ದ, ಈಗ ಜರ್ನಲ್ ಆಫ್ ಫಾರ್ಮ್ ಸೈನ್ಸಸ್ ಆಗಿರುವಂಥ ಜರ್ನಲ್‌ಗಳ ಸಂಚಿಕೆಗಳನ್ನು ಒಂದೊಂದಾಗಿ ತಿರುವಿ ನೋಡುವುದೂ ಹುಡುಕಾಟವೇ. ಯಾವ ವರ್ಷದಿಂದ ಯಾವ ವರ್ಷದವರೆಗೆ ತಿರುವಿದಿರಿ ಎಂದು ಬರೆದಿಡಬೇಕು, ಅಷ್ಟೇ.

ಕನ್ನಡ, ಜಾನಪದ, ಸ್ಥಳೀಯ ಇತಿಹಾಸದವರು ಪರದೆಯ ಮುಂದಿನಿಂದ ಏಳಲೇಬೇಕು. ಕನ್ನಡ ನಿಯತಕಾಲಿಕೆಗಳ ಲೇಖನಗಳು ಅಂತರರಾಷ್ಟ್ರೀಯ ಡೇಟಾಬೇಸ್‌ಗಳಲ್ಲಿ ಸಿಗುವುದು ಅಪರೂಪ. 1890ರಲ್ಲಿ ಸ್ಥಾಪನೆಯಾದ ಕರ್ನಾಟಕ ವಿದ್ಯಾವರ್ಧಕ ಸಂಘ, ಕರ್ನಾಟಕ ವಿಶ್ವವಿದ್ಯಾಲಯದ ಗ್ರಂಥಾಲಯ ಮತ್ತು ಅಲ್ಲಿನ ಕನ್ನಡ ಸಂಶೋಧನ ಸಂಸ್ಥೆ, ಶಿಗ್ಗಾವಿ ತಾಲ್ಲೂಕಿನ ಗೊಟಗೋಡಿಯ ಜಾನಪದ ವಿಶ್ವವಿದ್ಯಾಲಯ, ಇವೆಲ್ಲ ಒಂದು ದಿನದ ಪ್ರಯಾಣದೊಳಗೇ ಇವೆ. ಕಪಾಟಿನ ಮುಂದೆ ನಿಂತು ಹುಡುಕಿದ್ದನ್ನೂ ದಿನಾಂಕ, ನಿಯತಕಾಲಿಕೆ, ಸಂಪುಟ ಹಾಕಿ ದಾಖಲಿಸಿದರೆ ಅದೂ ಪೂರ್ತಿ ಸಿಸ್ಟಮ್ಯಾಟಿಕ್ಕೇ. ಇದನ್ನು ಕೀಳು ಎಂದು ಯಾರೂ ತಿಳಿಯಬೇಡಿ.

ಗೂಗಲ್ ಸ್ಕಾಲರ್ ಬಗ್ಗೆ: ಪೂರಕವಾಗಿ ಬಳಸಿ, ಮುಖ್ಯ ಆಧಾರವಾಗಿ ಬೇಡ. ಎಷ್ಟೇ ಲಕ್ಷ ಫಲಿತಾಂಶ ಎಂದು ತೋರಿಸಿದರೂ ಅದು ಕಣ್ಣಿಗೆ ಕೊಡುವುದು ಮೊದಲ 1000 ಮಾತ್ರ. ಮೇಲಾಗಿ ನಕ್ಷತ್ರ ಚಿಹ್ನೆ ಅಲ್ಲಿ ನಡೆಯುವುದಿಲ್ಲ. ಆದರೆ ಒಂದು ಪತ್ರಿಕೆಯನ್ನು ಮುಂದೆ ಯಾರು ಯಾರು ಉಲ್ಲೇಖಿಸಿದ್ದಾರೆ ಎಂದು ನೋಡಲು ಅದು ತುಂಬ ಉಪಯುಕ್ತ. ಎಐ ಚಾಟ್ ಸಾಧನಗಳನ್ನು ಸಮಾನಾರ್ಥಕ ಪದ ಹೊಳೆಸಿಕೊಳ್ಳಲು ಬೇಕಾದರೆ ಕೇಳಿ. ಪತ್ರಿಕೆ ಹುಡುಕಿಕೊಡು ಎನ್ನಬೇಡಿ. ಇಲ್ಲದ ಪತ್ರಿಕೆಗೆ ಇರುವಂಥ ಲೇಖಕರ ಹೆಸರು ಹಚ್ಚಿ ಕೊಡುತ್ತವೆ. ನಿಜವಾದದ್ದನ್ನೇ ಕೊಟ್ಟಾಗಲೂ, ಇಂದು ಕೊಟ್ಟ ಪಟ್ಟಿಯನ್ನೇ ನಾಳೆ ಕೊಡುತ್ತವೆಂಬ ಭರವಸೆ ಇಲ್ಲ.

ಲಾಗ್

ಹುಡುಕಿದ ಕೂಡಲೇ, ಆ ನಿಮಿಷದಲ್ಲೇ, ಒಂದು ಎಕ್ಸೆಲ್ ಶೀಟಿನಲ್ಲಿ ಬರೆಯಿರಿ: ಡೇಟಾಬೇಸ್ ಹೆಸರು, ದಿನಾಂಕ, ಹಾಕಿದ ಸ್ಟ್ರಿಂಗ್ ಅಕ್ಷರವೂ ಬಿಡದಂತೆ, ಹಾಕಿದ ಫಿಲ್ಟರ್, ಬಂದ ಸಂಖ್ಯೆ. ಸ್ಟ್ರಿಂಗ್ ಅನ್ನು ಮರಳಿ ಟೈಪ್ ಮಾಡಬೇಡಿ, ಕಾಪಿ ಮಾಡಿ ಅಂಟಿಸಿ. ಒಂದು ಕಂಸ ತಪ್ಪಿದರೂ ಸಂಖ್ಯೆ ಬದಲಾಗುತ್ತದೆ. ಪಬ್‌ಮೆಡ್‌ನಲ್ಲಿ ಉಚಿತ ಖಾತೆ ಮಾಡಿಕೊಂಡರೆ ಹುಡುಕಾಟವನ್ನು ಅಲ್ಲೇ ಉಳಿಸಬಹುದು, ಕರೆಂಟ್ ಹೋದರೂ ಹೋಗುವುದಿಲ್ಲ.

2021ರಲ್ಲಿ ಬಂದ ಪ್ರಿಸ್ಮಾ-ಎಸ್ ಎಂಬ ಮಾರ್ಗಸೂಚಿ ಹುಡುಕಾಟ ವರದಿಯಲ್ಲಿ ಏನೇನಿರಬೇಕೆಂದು 16 ಅಂಶಗಳಲ್ಲಿ ಹೇಳುತ್ತದೆ. ಅದನ್ನು ಮುದ್ರಿಸಿ ಶೀಟಿನ ಪಕ್ಕ ಇಟ್ಟುಕೊಳ್ಳಿ. ಸ್ಟ್ರಿಂಗ್ ಅಂತಿಮವಾಗುವ ಮೊದಲು ಇನ್ನೊಬ್ಬ ಗ್ರಂಥಪಾಲಕರಿಗೆ ತೋರಿಸಿ. ಇದಕ್ಕೂ ಪ್ರೆಸ್ ಎಂಬ ಪರಿಶೀಲನಾ ಪಟ್ಟಿ ಇದೆ. ಗ್ರಂಥಪಾಲಕರು ಸಹಲೇಖಕರಾಗಿದ್ದ ರಿವ್ಯೂಗಳಲ್ಲಿ ಹುಡುಕಾಟದ ವರದಿ ಹೆಚ್ಚು ಗುಣಮಟ್ಟದ್ದಾಗಿತ್ತೆಂದು 2015ರ ಒಂದು ಅಧ್ಯಯನ ತೋರಿಸಿದೆ. ನನಗೆ ಅದರಲ್ಲಿ ಆಶ್ಚರ್ಯವಿಲ್ಲ. ನಿಮ್ಮ ಸ್ಟ್ರಿಂಗ್ ಕಟ್ಟಿಕೊಟ್ಟವರ ಹೆಸರನ್ನು ಪತ್ರಿಕೆಯಲ್ಲಿ ಹಾಕುವುದು ನ್ಯಾಯ.

ಸೋಸುವುದು

ಎಲ್ಲ ಡೇಟಾಬೇಸ್‌ಗಳಿಂದ ಇಳಿಸಿದ ದಾಖಲೆಗಳನ್ನು ಝೊಟೆರೊ ಎಂಬ ಉಲ್ಲೇಖ ಜೋಡಿಸಿಡುವ ತಂತ್ರಾಂಶಕ್ಕೆ ಹಾಕಿ, ನಕಲುಗಳನ್ನು ತೆಗೆಯಿರಿ. ಹಿಂತೆಗೆದುಕೊಂಡ ಪತ್ರಿಕೆಗಳನ್ನು ಝೊಟೆರೊ ತಾನೇ ಗುರುತಿಸಿ ಎಚ್ಚರಿಸುತ್ತದೆ, ಆ ಕೆಂಪು ಪಟ್ಟಿಯನ್ನು ಕಡೆಗಣಿಸಬೇಡಿ. ಆಮೇಲೆ ರಯ್ಯಾನ್‌ಗೆ ಕಳಿಸಿ. ಸ್ಕ್ರೀನಿಂಗ್‌ಗೆಂದೇ ಮಾಡಿದ ತಾಣ ಅದು, ಉಚಿತ ಖಾತೆಯಿಂದ ಶುರು ಮಾಡಬಹುದು.

ಇಬ್ಬರೂ ಪ್ರತ್ಯೇಕವಾಗಿ ಶೀರ್ಷಿಕೆ, ಸಾರಾಂಶ ನೋಡಿ ಬೇಕು, ಬೇಡ, ಅನುಮಾನ ಎಂದು ಗುರುತು ಮಾಡಬೇಕು. ಅನುಮಾನ ಬಂದದ್ದನ್ನು ಮುಂದಿನ ಹಂತಕ್ಕೆ ಬಿಡಿ. ಪೂರ್ತಿ ಶುರು ಮಾಡುವ ಮೊದಲು ಐವತ್ತು ದಾಖಲೆಗಳನ್ನು ಇಬ್ಬರೂ ನೋಡಿ ತಾಳೆ ಹಾಕಿ. ಇಬ್ಬರ ಒಮ್ಮತವನ್ನು ಕಪ್ಪಾ ಎಂಬ ಅಳತೆಯಿಂದ ಹೇಳುವ ರೂಢಿಯಿದೆ. ಆದರೆ ಆ ಅಂಕಿಗಿಂತ ಎಲ್ಲಿ ಭಿನ್ನಾಭಿಪ್ರಾಯ ಬಂತು ಎನ್ನುವುದು ಮುಖ್ಯ. ಅಲ್ಲಿ ನಿಮ್ಮ ನಿಯಮ ಸಡಿಲವಾಗಿದೆ ಎಂದರ್ಥ.

ನಮ್ಮಲ್ಲಿ ಇಬ್ಬರಲ್ಲಿ ಒಬ್ಬರು ವಿದ್ಯಾರ್ಥಿ, ಇನ್ನೊಬ್ಬರು ಗೈಡ್ ಆಗಿರುವುದೇ ಹೆಚ್ಚು. "ಸರ್ ಯೆಸ್ ಅಂದಾರ್ರಿ, ನಾ ಹೆಂಗ ನೋ ಅನ್ಲಿ?" ಎಂದು ಒಬ್ಬ ಹುಡುಗಿ ನನ್ನನ್ನು ಕೇಳಿದ್ದಳು. ಅದಕ್ಕೇ ರಯ್ಯಾನ್‌ನಲ್ಲಿ ಬ್ಲೈಂಡ್ ಗುಂಡಿ ಇದೆ. ಅದು ಆನ್ ಇರುವವರೆಗೆ ಒಬ್ಬರ ತೀರ್ಮಾನ ಇನ್ನೊಬ್ಬರಿಗೆ ಕಾಣುವುದಿಲ್ಲ. ಅಧ್ಯಾಪಕರಲ್ಲಿ ನನ್ನ ವಿನಂತಿ: ಆ ಗುಂಡಿಯನ್ನು ನೀವೇ ಆನ್ ಮಾಡಿ, ವಿದ್ಯಾರ್ಥಿಯ ಎದುರಿಗೇ ಮಾಡಿ. ನಿಮ್ಮ ವಿದ್ಯಾರ್ಥಿ ನಿಮ್ಮನ್ನು ಒಪ್ಪದಿರುವುದಕ್ಕೆ ಅಷ್ಟರಿಂದಲೇ ಧೈರ್ಯ ಬರುತ್ತದೆ, ರಿವ್ಯೂಗೆ ಬೇಕಾದದ್ದು ಆ ಎರಡನೆಯ ಕಣ್ಣೇ.

ಪೂರ್ಣಪಾಠ

ಸರ್ಕಾರಿ ವಿಶ್ವವಿದ್ಯಾಲಯ, ಕಾಲೇಜುಗಳವರಿಗೆ 2025ರ ಜನವರಿಯಿಂದ ಒನ್ ನೇಷನ್ ಒನ್ ಸಬ್‌ಸ್ಕ್ರಿಪ್ಷನ್ ಎಂಬ ಕೇಂದ್ರ ಸರ್ಕಾರದ ಚಂದಾ ಯೋಜನೆ ಬಂದಿದೆ. 30 ಪ್ರಕಾಶಕರ ಸುಮಾರು 13,000 ಜರ್ನಲ್‌ಗಳು ಅದರಲ್ಲಿವೆ, ಗಾಂಧಿನಗರದ ಇನ್‌ಫ್ಲಿಬ್‌ನೆಟ್ ಅದನ್ನು ನಡೆಸುತ್ತದೆ. ಎಷ್ಟೋ ಅಧ್ಯಾಪಕರಿಗೆ ತಮ್ಮ ಸಂಸ್ಥೆಗೆ ಈ ಸೌಲಭ್ಯ ಇರುವುದೇ ತಿಳಿದಿಲ್ಲ, ನಿಮ್ಮ ಗ್ರಂಥಪಾಲಕರನ್ನು ಇಂದೇ ಕೇಳಿ. ಖಾಸಗಿ ಕಾಲೇಜುಗಳು ಮೊದಲ ಹಂತದಲ್ಲಿ ಸೇರಿಲ್ಲ. ಅಲ್ಲಿಯವರು ಡೆಲ್‌ನೆಟ್ ಎಂಬ ಗ್ರಂಥಾಲಯಗಳ ಜಾಲದ ಮೂಲಕ ಬೇರೆ ಗ್ರಂಥಾಲಯಗಳಿಂದ ತರಿಸಬಹುದು, ಅಥವಾ ಲೇಖಕರಿಗೆ ನೇರವಾಗಿ ಈಮೇಲ್ ಬರೆಯಬಹುದು. ಎರಡು ಸಾಲು ಸಾಕು, ಪತ್ರಿಕೆಯ ಹೆಸರು, ನಿಮ್ಮ ರಿವ್ಯೂ ವಿಷಯ. ಬರೆದ ದಿನಾಂಕ ಲಾಗ್‌ನಲ್ಲಿರಲಿ. ಸಿಗದೇ ಹೋದದ್ದನ್ನು ಸಿಗಲಿಲ್ಲವೆಂದೇ ವರದಿ ಮಾಡಿ.

ಶೀರ್ಷಿಕೆಯ ಹಂತದಲ್ಲಿ ಬಿಟ್ಟದ್ದಕ್ಕೆ ಕಾರಣ ಬರೆಯಬೇಕಿಲ್ಲ. ಪೂರ್ಣಪಾಠ ಓದಿ ಬಿಟ್ಟ ಪ್ರತಿಯೊಂದಕ್ಕೂ ಬರೆಯಲೇಬೇಕು.

ಮಾಹಿತಿ ತೆಗೆಯುವ ನಮೂನೆಯನ್ನು ಎರಡು ಮೂರು ಪತ್ರಿಕೆಗಳ ಮೇಲೆ ಹಚ್ಚಿ ನೋಡಿ ಗಟ್ಟಿ ಮಾಡಿಕೊಳ್ಳಿ. ಗುಣಮಟ್ಟ ಅಳೆಯಲು ರ್‍ಯಾಂಡಮ್ ಆಗಿ ಹಂಚಿದ ಪ್ರಯೋಗಗಳಿಗೆ ರಾಬ್ 2, ಹಂಚದ ಅಧ್ಯಯನಗಳಿಗೆ ರಾಬಿನ್ಸ್-ಐ ಅಥವಾ ನ್ಯೂಕ್ಯಾಸಲ್-ಒಟ್ಟಾವಾ, ಬೇರೆ ಬಗೆಯವಕ್ಕೆ ಜೆಬಿಐ ಪಟ್ಟಿಗಳಿವೆ. ಈ ಭಾಗಕ್ಕೆ ಸಂಖ್ಯಾಶಾಸ್ತ್ರ ವಿಭಾಗದವರನ್ನು ಕಾಣಿ, ನನಗಿಂತ ಅವರು ಚೆನ್ನಾಗಿ ಹೇಳಿಕೊಡುತ್ತಾರೆ.

ಲೆಕ್ಕ ಕೂಡಬೇಕು

ರಿವ್ಯೂ ವರದಿ ಬರೆಯುವ ಮಾರ್ಗಸೂಚಿಯಾದ ಪ್ರಿಸ್ಮಾ 2020ರಲ್ಲಿ 27 ಅಂಶಗಳ ಪಟ್ಟಿ ಮತ್ತು ಒಂದು ಹರಿವಿನ ನಕ್ಷೆ ಇದೆ. ಪರಿಶೀಲಕರು ಮೊದಲು ನೋಡುವುದು ನಕ್ಷೆಯನ್ನೇ. ಉದಾಹರಣೆಗೆ ಒಟ್ಟು 1860 ದಾಖಲೆ ಬಂದವು ಎಂದುಕೊಳ್ಳಿ. ನಕಲು 540 ತೆಗೆದರೆ 1320. ಶೀರ್ಷಿಕೆ ಮತ್ತು ಸಾರಾಂಶದಲ್ಲಿ 1214 ಬಿಟ್ಟರೆ 106. ಅದರಲ್ಲಿ 6 ಪೂರ್ಣಪಾಠ ಸಿಗಲಿಲ್ಲ, 100 ಓದಿದಿರಿ. 78 ಬಿಟ್ಟಿರಿ: ಗರ್ಭಿಣಿಯರಲ್ಲದವರು 31, ಹೋಲಿಕೆಯ ಗುಂಪು ಇಲ್ಲ 29, ಬೇಕಾದ ಫಲಿತಾಂಶ ಇಲ್ಲ 18. ಉಳಿದದ್ದು 22. ಮೇಲಿನಿಂದ ಕೆಳಗೂ, ಕೆಳಗಿನಿಂದ ಮೇಲೂ ಕೂಡಿ ಕಳೆದು ನೋಡಿ. ಲಾಗ್ ಇಟ್ಟವರಿಗೆ ಇದು ಅರ್ಧ ಗಂಟೆಯ ಕೆಲಸ. ಇಡದವರು ಇಲ್ಲಿ ವಾರಗಟ್ಟಲೆ ತೊಳಲಾಡುವುದನ್ನು ನೋಡಿ ನನಗೆ ಸಂಕಟವಾಗುತ್ತದೆ.

ತರಬೇತಿಗೆ ಬರುವಾಗ

ಪ್ರಶ್ನೆಯನ್ನು ಒಂದು ಪುಟದಲ್ಲಿ ಬರೆದು ತನ್ನಿ, ಅದು ಅರೆಬರೆ ಇದ್ದರೂ ಚಿಂತೆಯಿಲ್ಲ. ಐದಾರು ಗೊತ್ತಿರುವ ಪತ್ರಿಕೆಗಳ ಹೆಸರು ತನ್ನಿ. ಲ್ಯಾಪ್‌ಟಾಪ್‌ನಲ್ಲಿ ಝೊಟೆರೊ ಮೊದಲೇ ಹಾಕಿಕೊಂಡು ಬನ್ನಿ. ಎಲ್ಲರೂ ಒಟ್ಟಿಗೆ ಇಳಿಸಲು ಕೂತರೆ ವೈಫೈ ನಿಧಾನವಾಗಿ ಬೆಳಗಿನ ಹೊತ್ತೆಲ್ಲ ಅದರಲ್ಲೇ ಹೋಗುತ್ತದೆ. ಸಾಧ್ಯವಿದ್ದರೆ ಗೈಡ್ ಜೊತೆಗೇ ಬನ್ನಿ. ಗೈಡ್ ಪಕ್ಕದಲ್ಲಿ ಕೂತ ದಿನ ಪದಗಳ ಪಟ್ಟಿ ಉದ್ದವಾಗುತ್ತದೆ, ಏಕೆಂದರೆ ಹಳೆಯ ಹೆಸರುಗಳು ಗೊತ್ತಿರುವುದು ಅವರಿಗೆ. ಬೇರೆ ಕಾಲೇಜುಗಳ ಕಿರಿಯ ಗ್ರಂಥಪಾಲಕರೂ ಬರಲಿ. ಗದಗ, ಹಾವೇರಿಯಲ್ಲೂ ಈ ಕೆಲಸ ಗೊತ್ತಿರುವವರು ಬೇಕು, ಪ್ರತಿಯೊಂದಕ್ಕೂ ಧಾರವಾಡಕ್ಕೆ ಓಡಿ ಬರುವಂತಾಗಬಾರದು.

ರಿವ್ಯೂ ಬರೆದು ಮುಗಿದ ಮೇಲೆ ಒಮ್ಮೆ ಮತ್ತೆ ಬನ್ನಿ. ಕೊನೆಯ ಹುಡುಕಾಟಕ್ಕೆ ಹನ್ನೆರಡು ತಿಂಗಳು ದಾಟಿದ್ದರೆ ಜರ್ನಲ್‌ಗೆ ಕಳಿಸುವ ಮೊದಲು ಅದೇ ಸ್ಟ್ರಿಂಗ್ ಅನ್ನು ಎಲ್ಲ ಡೇಟಾಬೇಸ್‌ಗಳಲ್ಲೂ ಮತ್ತೆ ಓಡಿಸಬೇಕು. ಹೊಸದಾಗಿ ಬಂದದ್ದನ್ನು ಅದೇ ನಿಯಮದಿಂದ ಇಬ್ಬರೂ ಸ್ಕ್ರೀನ್ ಮಾಡಬೇಕು. ನಕ್ಷೆಯ ಅಂಕಿಗಳನ್ನು ತಿದ್ದಿ, ಎರಡನೆಯ ಹುಡುಕಾಟದ ದಿನಾಂಕವನ್ನೂ ವಿಧಾನದ ಭಾಗದಲ್ಲಿ ಸೇರಿಸಿ ಕಳಿಸಿ.